ಒಡೆದ ತಟ್ಟೆಗೂ ಒಂದು ದತ್ತಿ

1326ನೇ ಇಸವಿ. ಮೊರಾಕ್ಕೊದಿಂದ ಹೊರಟಿದ್ದ ಇಪ್ಪತ್ತೆರಡರ ಹರೆಯದ ಇಬ್ನ್ ಬತೂತ ಡಮಾಸ್ಕಸ್ ನಗರದ ಓಣಿಯೊಂದರಲ್ಲಿ ನಡೆದುಹೋಗುತ್ತಿದ್ದಾಗ ಒಬ್ಬ ಗುಲಾಮ ಹುಡುಗನನ್ನು ಕಂಡ. ಹುಡುಗನ ಕೈಯಲ್ಲಿದ್ದ ಚೀನಾದ ಪಿಂಗಾಣಿ ತಟ್ಟೆ ಜಾರಿ ಚೂರುಚೂರಾಗಿತ್ತು. ಸುತ್ತ ಜನ ಸೇರಿದರು. ಅವರಲ್ಲೊಬ್ಬ ಆ ಚೂರುಗಳನ್ನೆಲ್ಲ ಆರಿಸಿಕೊಳ್ಳುವಂತೆ ಹೇಳಿ, ಹುಡುಗನನ್ನು ಪಾತ್ರೆಗಳ ದತ್ತಿಯ ಮೇಲ್ವಿಚಾರಕನ ಬಳಿಗೆ ಕರೆದೊಯ್ದ. ಚೂರು ತೋರಿಸಿದ ಹುಡುಗನಿಗೆ ಅಂಥದ್ದೇ ತಟ್ಟೆ ಕೊಳ್ಳುವಷ್ಟು ಹಣ ಸಿಕ್ಕಿತು. ಇಲ್ಲದಿದ್ದರೆ ಯಜಮಾನ ಹೊಡೆಯುತ್ತಿದ್ದ, ಬೈಯುತ್ತಿದ್ದ, ಹುಡುಗನ ಮನಸ್ಸು ಮುರಿಯುತ್ತಿತ್ತು ಎಂದು ಇಬ್ನ್ ಬತೂತ ತನ್ನ ಪ್ರವಾಸ ಕಥನದಲ್ಲಿ ಮೆಚ್ಚಿ ಹೇಳುತ್ತಾನೆ.

ಡಮಾಸ್ಕಸ್‌ನಲ್ಲಿ ಅವನು ಕಂಡ ದತ್ತಿಗಳು ಇನ್ನೂ ಎಷ್ಟೋ. ಬಡವರ ಮನೆಯ ಮದುಮಗಳನ್ನು ಅಲಂಕರಿಸಿ ಕಳಿಸಲು ಒಂದು, ಸೆರೆಯಾಳುಗಳನ್ನು ಬಿಡಿಸಲು ಒಂದು, ದಾರಿಹೋಕರಿಗೆ ಊಟ ಬಟ್ಟೆ ಕೊಟ್ಟು ಊರಿಗೆ ಮುಟ್ಟಿಸಲು ಒಂದು, ಬೀದಿಯ ಇಕ್ಕೆಲಗಳಲ್ಲಿ ಕಾಲ್ನಡೆಯವರಿಗೆ ಕಲ್ಲು ಹಾಸಲು ಮತ್ತೊಂದು. ಇವುಗಳಿಗೆ ವಕ್ಫ್ ಎಂದು ಹೆಸರು. ಯಾರೋ ತಮ್ಮ ತೋಟವನ್ನೋ ಅಂಗಡಿಯನ್ನೋ ದೇವರ ಹೆಸರಿನಲ್ಲಿ ಬಿಟ್ಟುಕೊಟ್ಟಿರುತ್ತಾರೆ. ಅದರ ಬಾಡಿಗೆಯೋ ಬೆಳೆಯೋ ಆ ಒಂದು ಕೆಲಸಕ್ಕೇ ಮೀಸಲು.

ಇಸ್ಲಾಮಿನ ತತ್ವಗಳ ಮೇಲೆ ಕಟ್ಟಿದ ಆದರ್ಶ ಸಮಾಜ ಎಂಬ ಮಾತು ಬಂದಾಗ ಇಂದು ಹೆಚ್ಚಿನವರ ಕಣ್ಣಮುಂದೆ ಬರುವುದು ರಾಜ್ಯಾಧಿಕಾರ: ಯಾರ ಆಡಳಿತ, ಯಾವ ಕಾನೂನು, ಎಂಥ ಶಿಕ್ಷೆ. ಕಳೆದ ನೂರು ವರ್ಷಗಳ ರಾಜಕೀಯ ಅದಕ್ಕೆ ಕಾರಣ. ಆದರೆ ಆ ಕನಸು ಹದಿನಾಲ್ಕು ಶತಮಾನಗಳಲ್ಲಿ ಎಲ್ಲೆಲ್ಲಿ ನೆಲ ಕಚ್ಚಿ ನಿಂತಿತೆಂದು ಹುಡುಕುತ್ತ ಹೋದರೆ ಸಿಂಹಾಸನಕ್ಕಿಂತ ಹೆಚ್ಚಾಗಿ ಸಿಗುವುದು ಬಾವಿ, ಸಂತೆ, ಆಸ್ಪತ್ರೆ, ಪಾಠಶಾಲೆ, ಅನ್ನಶಾಲೆ. ದೊರೆಗಳು ಈ ಕನಸನ್ನು ಬೆಳೆಸಿದ್ದೂ ಉಂಟು, ಅವರ ಕೈಯಲ್ಲೇ ಅದು ಬಾಡಿದ್ದೂ ಉಂಟು.

ಕಥೆ ಮೊದಲಾಗುವುದು 622ರಲ್ಲಿ. ಮಕ್ಕಾದಲ್ಲಿ ಬದುಕಲಾಗದೆ ಪ್ರವಾದಿ ಮುಹಮ್ಮದರು ಮತ್ತು ಅವರ ಅನುಯಾಯಿಗಳು ಯಸ್ರಿಬ್ ಎಂಬ ಖರ್ಜೂರದ ತೋಟಗಳ ಊರಿಗೆ ಬಂದರು. ಮುಂದೆ ಮದೀನ ಎನಿಸಿಕೊಂಡ ಊರು ಅದು. ಔಸ್ ಮತ್ತು ಖಝ್ರಜ್ ಎಂಬ ಅಲ್ಲಿನ ಎರಡು ಬುಡಕಟ್ಟುಗಳು ತಲೆಮಾರುಗಳಿಂದ ಕಾದಾಡಿ ಸೋತಿದ್ದವು. ಯಹೂದಿ ಕುಲಗಳೂ ಅಲ್ಲಿದ್ದವು. ಮಕ್ಕಾದಿಂದ ಬಂದವರ ಬಳಿ ಉಟ್ಟ ಬಟ್ಟೆಯ ಹೊರತು ಹೆಚ್ಚೇನೂ ಇರಲಿಲ್ಲ. ಪ್ರವಾದಿಯವರು ಬಂದ ಒಬ್ಬೊಬ್ಬರನ್ನೂ ಊರಿನ ಒಬ್ಬೊಬ್ಬರ ಜೊತೆ ಸಹೋದರರನ್ನಾಗಿ ಕೂಡಿಸಿದರು. ಸಅದ್ ಬಿನ್ ರಬೀಅ್ ಎಂಬ ಮದೀನದ ಶ್ರೀಮಂತ ತನ್ನ ಪಾಲಿಗೆ ಬಂದ ಅಬ್ದುರ್‍ರಹ್ಮಾನ್ ಬಿನ್ ಔಫ್‌ಗೆ ಅರ್ಧ ಆಸ್ತಿಯನ್ನೇ ಕೊಡಲು ಮುಂದಾದ. ಅಬ್ದುರ್‍ರಹ್ಮಾನ್ ಅವನನ್ನು ಹರಸಿ, ಸಂತೆಗೆ ದಾರಿ ತೋರಿಸಿದರೆ ಸಾಕು ಎಂದರು. ಅಂದೇ ಹೋಗಿ ತುಪ್ಪ ಮತ್ತು ಒಣಗಿಸಿದ ಮೊಸರುಗಟ್ಟಿಯ ವ್ಯಾಪಾರಕ್ಕೆ ಕೂತರು. ಕೆಲವೇ ವರ್ಷಗಳಲ್ಲಿ ಅವರು ಊರಿನ ದೊಡ್ಡ ಧನಿಕರಲ್ಲಿ ಒಬ್ಬರಾದರು. ಕೊಡುವವನ ಧಾರಾಳತನದಷ್ಟೇ ಪಡೆಯುವವನ ಸ್ವಾಭಿಮಾನಕ್ಕೂ ಈ ಸಮಾಜದಲ್ಲಿ ಜಾಗವಿತ್ತು ಎಂಬುದು ಈ ಪ್ರಸಂಗದಿಂದ ಗೊತ್ತಾಗುತ್ತದೆ.

ಸಂತೆಯೂ ಹೊಸದೇ. ಪ್ರವಾದಿಯವರು ಮದೀನದಲ್ಲಿ ಬಯಲೊಂದನ್ನು ಆರಿಸಿ, ಅಲ್ಲಿ ಸುಂಕ ಇರಬಾರದು, ಜಾಗವನ್ನು ಯಾರೂ ಒತ್ತಿ ಕಿರಿದು ಮಾಡಬಾರದು ಎಂದು ಗೊತ್ತುಪಡಿಸಿದರು. ಮಸೀದಿಯಲ್ಲಿ ಹೇಗೋ ಸಂತೆಯಲ್ಲೂ ಹಾಗೆ: ಮೊದಲು ಬಂದವನು ಕೂತ ಜಾಗ ಅಂದಿನ ಮಟ್ಟಿಗೆ ಅವನದು, ಸಂಜೆಗೆ ಎಲ್ಲರದು. ಒಮ್ಮೆ ಧಾನ್ಯದ ರಾಶಿಯೊಳಗೆ ಕೈ ಹಾಕಿದ ಪ್ರವಾದಿಯವರ ಬೆರಳಿಗೆ ತೇವ ತಾಗಿತು. ಮಳೆಗೆ ನೆನೆದದ್ದು ಎಂದ ವ್ಯಾಪಾರಿ. ಹಾಗಾದರೆ ನೆನೆದದ್ದನ್ನು ಮೇಲೆಯೇ ಇಡಬೇಕಿತ್ತು, ಮೋಸ ಮಾಡುವವನು ನಮ್ಮವನಲ್ಲ ಎಂಬ ಅರ್ಥದ ಮಾತು ಹೇಳಿದರೆಂದು ಹದೀಸ್ ಗ್ರಂಥಗಳು, ಅಂದರೆ ಪ್ರವಾದಿಯವರ ನಡೆನುಡಿಗಳ ಸಂಗ್ರಹಗಳು, ದಾಖಲಿಸಿವೆ. ಬೆಲೆ ಏರಿದಾಗ ಜನ ದರ ಕಟ್ಟಿಕೊಡಿ ಎಂದು ಕೇಳಿದ್ದೂ ಇದೆ. ಅವರು ಒಪ್ಪಲಿಲ್ಲ. ತೂಕ ಸರಿಯಿರಬೇಕು, ದಾಸ್ತಾನು ಬಚ್ಚಿಡಬಾರದು, ಬಡ್ಡಿ ಕೂಡದು; ಇಷ್ಟು ಬಿಗಿ ಮಾಡಿ, ಉಳಿದದ್ದನ್ನು ಕೊಳ್ಳುವವರು ಮಾರುವವರ ಒಪ್ಪಂದಕ್ಕೆ ಬಿಟ್ಟರು.

ಈ ಊರಿಗೆ ಒಂದು ಲಿಖಿತ ಕರಾರೂ ಇತ್ತು. ಎಂಟನೇ ಶತಮಾನದ ಇತಿಹಾಸಕಾರ ಇಬ್ನ್ ಇಸ್‌ಹಾಕ್ ಉಳಿಸಿಕೊಟ್ಟ ಆ ಪತ್ರವನ್ನು ಮದೀನದ ಸಂವಿಧಾನ ಎಂದು ಕರೆಯುವುದು ರೂಢಿ. ಹೈದರಾಬಾದಿನಲ್ಲಿ ಹುಟ್ಟಿದ ವಿದ್ವಾಂಸ ಮುಹಮ್ಮದ್ ಹಮೀದುಲ್ಲಾ ಇದನ್ನು ಜಗತ್ತಿನ ಮೊದಲ ಲಿಖಿತ ಸಂವಿಧಾನವೆಂದೇ ವಾದಿಸಿದರು. ಊರಿನ ರಕ್ಷಣೆ ಎಲ್ಲರ ಹೊಣೆ, ಕೊಲೆಯ ಪರಿಹಾರವನ್ನೂ ಸೆರೆಯಾಳಿನ ಬಿಡುಗಡೆಯ ಹಣವನ್ನೂ ಆಯಾ ಕುಲ ಭರಿಸಬೇಕು, ಅಪರಾಧಿ ಮಗನೇ ಆಗಿದ್ದರೂ ಅಡಗಿಸಿಡಬಾರದು, ಯಹೂದಿಗಳು ವಿಶ್ವಾಸಿಗಳೊಂದಿಗೆ ಸೇರಿ ಒಂದೇ ಸಮುದಾಯ, ಅವರಿಗೆ ಅವರ ಧರ್ಮ, ಮುಸ್ಲಿಮರಿಗೆ ಮುಸ್ಲಿಮರ ಧರ್ಮ. ಏಳನೇ ಶತಮಾನದ ಮರುಭೂಮಿಯಲ್ಲಿ ರಕ್ತಸಂಬಂಧವನ್ನು ಮೀರಿ ಒಪ್ಪಂದದ ಮೇಲೆ ಊರು ಕಟ್ಟುವುದು ದೊಡ್ಡ ಹೆಜ್ಜೆ.

ಆ ಒಪ್ಪಂದ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಮಕ್ಕಾದೊಂದಿಗಿನ ಯುದ್ಧಗಳ ನಡುವೆ ಮೂರು ದೊಡ್ಡ ಯಹೂದಿ ಕುಲಗಳ ಜೊತೆ ಸಂಬಂಧ ಮುರಿಯಿತು. ಎರಡು ಕುಲಗಳು ಊರು ಬಿಡಬೇಕಾಯಿತು. ಮಕ್ಕಾದವರು ಮದೀನಕ್ಕೆ ಹಾಕಿದ ಮುತ್ತಿಗೆಯ ಸಮಯದಲ್ಲಿ ಶತ್ರುಗಳ ಜೊತೆ ಸೇರಿದರೆಂಬ ಆರೋಪದ ಮೇಲೆ ಮೂರನೆಯ ಕುಲದ ಗಂಡಸರು 627ರಲ್ಲಿ ಮರಣದಂಡನೆಗೆ ಒಳಗಾದರೆಂದು ಸಾಂಪ್ರದಾಯಿಕ ಚರಿತ್ರೆಗಳೇ ಹೇಳುತ್ತವೆ. ಮದೀನವನ್ನು ಆದರ್ಶವೆಂದು ತೋರಿಸುವವರು ಈ ಪುಟವನ್ನು ಹಾರಿಸಿ ಓದಬಾರದು. ಆದರೂ ಆ ಕರಾರಿನ ಮಾತು ಸತ್ತಿಲ್ಲ. 2016ರ ಜನವರಿಯಲ್ಲಿ ಮೊರಾಕ್ಕೊದ ಮರ್‍ರಾಕೇಶ್ ನಗರದಲ್ಲಿ ಸೇರಿದ ನೂರಾರು ಮುಸ್ಲಿಂ ವಿದ್ವಾಂಸರು, ಮುಸ್ಲಿಂ ಬಹುಸಂಖ್ಯಾತ ದೇಶಗಳಲ್ಲಿ ಇತರ ಧರ್ಮದವರಿಗೆ ಸಮಾನ ಪೌರತ್ವ ಇರಬೇಕೆಂದು ಘೋಷಿಸಿದಾಗ ಆಧಾರವಾಗಿ ಎತ್ತಿಕೊಂಡದ್ದು ಇದೇ ಹಳೆಯ ಪತ್ರವನ್ನು.

ಮದೀನದ ಸಮಾಜದ ಆರ್ಥಿಕ ಬೆನ್ನೆಲುಬು ಝಕಾತ್. ಕನ್ನಡದ ಓದುಗರಿಗೆ ರಮಝಾನ್ ತಿಂಗಳ ದಾನವೆಂದು ಅದರ ಪರಿಚಯ. ವಾಸ್ತವದಲ್ಲಿ ಅದು ಕಡ್ಡಾಯದ ಬಾಕಿ. ಇಷ್ಟವಿದ್ದರೆ ಕೊಡುವ ದಾನಕ್ಕೆ ಸದಕ ಎಂಬ ಬೇರೆ ಹೆಸರಿದೆ. ಸುಮಾರು 85 ಗ್ರಾಂ ಚಿನ್ನದ ಬೆಲೆಯಷ್ಟು ಉಳಿತಾಯ ಒಂದು ಚಾಂದ್ರಮಾನ ವರ್ಷ ಕೈಯಲ್ಲಿ ಉಳಿದರೆ ಅದರಲ್ಲಿ ನೂರಕ್ಕೆ ಎರಡೂವರೆ ಪಾಲು ಬಡವರದು. ಲೆಕ್ಕ ಆದಾಯದ ಮೇಲಲ್ಲ, ಕೂಡಿಟ್ಟದ್ದರ ಮೇಲೆ. ಸುಮ್ಮನೆ ಬಿದ್ದಿರುವ ಹಣ ಪ್ರತಿವರ್ಷ ಕರಗುತ್ತ ಹೋಗುತ್ತದೆ, ದುಡಿಮೆಗೆ ಹಾಕಲೇಬೇಕಾಗುತ್ತದೆ. ಬೆಳೆಗೆ ಬೇರೆ ದರ. ಮಳೆ ನಂಬಿದ ಹೊಲದ ಫಸಲಿನಲ್ಲಿ ಹತ್ತರಲ್ಲಿ ಒಂದು ಪಾಲು, ನೀರೆತ್ತಿ ಹಾಯಿಸಿ ಬೆಳೆದದ್ದರಲ್ಲಿ ಇಪ್ಪತ್ತರಲ್ಲಿ ಒಂದು. ರೈತನ ಬೆವರಿಗೆ ಅರ್ಧ ರಿಯಾಯಿತಿ ಕೊಟ್ಟ ತೆರಿಗೆಯಿದು.

ಪಡೆಯುವವರು ಯಾರೆಂಬುದನ್ನು ಕುರ್‌ಆನ್ ಒಂಬತ್ತನೇ ಅಧ್ಯಾಯದಲ್ಲಿ ಎಂಟು ವರ್ಗಗಳಾಗಿ ಹೇಳಿಬಿಟ್ಟಿದೆ. ನಿರ್ಗತಿಕರು, ಬಡವರು ಸರಿಯೇ. ಅವರೊಂದಿಗೆ ಸಾಲದಲ್ಲಿ ಮುಳುಗಿದವನೂ ಇದ್ದಾನೆ, ದಾರಿಯಲ್ಲಿ ಕೈ ಬರಿದಾದ ಪ್ರಯಾಣಿಕನೂ ಇದ್ದಾನೆ, ಬಿಡುಗಡೆ ಬಯಸುವ ಗುಲಾಮನೂ ಇದ್ದಾನೆ. ಊರಿನಲ್ಲಿ ಅನುಕೂಲಸ್ಥನಾಗಿದ್ದರೂ ಪರಸ್ಥಳದಲ್ಲಿ ಕಷ್ಟಕ್ಕೆ ಸಿಕ್ಕವನಿಗೆ ಇದರಲ್ಲಿ ಹಕ್ಕಿದೆ. ಹಕ್ಕು ಎಂಬ ಮಾತೇ ಇಲ್ಲಿ ಮುಖ್ಯ. ಶ್ರೀಮಂತನ ಸಂಪತ್ತಿನಲ್ಲಿ ಬೇಡುವವನಿಗೂ ವಂಚಿತನಿಗೂ ಗೊತ್ತಾದ ಪಾಲಿದೆ ಎಂಬುದು ಧರ್ಮಗ್ರಂಥದ ನಿಲುವು. ಆ ಕಾರಣಕ್ಕೇ ಕೊಟ್ಟವನು ಹಂಗಿನ ಮಾತಾಡುವುದು ಪಾಪವೆನಿಸಿತು.

ಪ್ರವಾದಿಯವರ ಉತ್ತರಾಧಿಕಾರಿಗಳಲ್ಲಿ ಎರಡನೆಯವರಾದ ಖಲೀಫ ಉಮರ್ 634ರಿಂದ 644ರವರೆಗೆ ಆಳಿದವರು. ಅವರ ಕಥೆಗಳನ್ನು ಮುಸ್ಲಿಂ ಮನೆಗಳಲ್ಲಿ ಇಂದಿಗೂ ಮಕ್ಕಳಿಗೆ ಹೇಳುತ್ತಾರೆ. ಉಮರ್ ರಾಜ್ಯದ ವರಮಾನವನ್ನು ಜನರಿಗೆ ವರ್ಷಾಶನವಾಗಿ ಹಂಚಲು ಪಟ್ಟಿ ಬರೆಸಿದರು. ಮೊಲೆ ಬಿಟ್ಟ ಮಕ್ಕಳಿಗೆ ಮಾತ್ರ ಪಾಲು ಎಂದಿತ್ತು. ಒಂದು ರಾತ್ರಿ ಊರು ಸುತ್ತುವಾಗ ಮಗುವೊಂದು ಬಿಡದೆ ಅಳುವುದು ಕೇಳಿ ವಿಚಾರಿಸಿದರೆ, ವರ್ಷಾಶನ ಬೇಗ ಸಿಗಲೆಂದು ತಾಯಿ ಹಾಲು ಬಿಡಿಸುತ್ತಿದ್ದಾಳೆ ಎಂದು ತಿಳಿಯಿತು. ಮರುದಿನ ಬೆಳಗಿನ ನಮಾಝಿನಲ್ಲಿ ಉಮರ್ ಅತ್ತರೆಂದೂ, ಹುಟ್ಟಿದ ದಿನದಿಂದಲೇ ಮಗುವಿಗೆ ಪಾಲು ಎಂದು ಸಾರಿಸಿದರೆಂದೂ ಕಥನವಿದೆ.

ಇನ್ನೊಂದು ಪ್ರಸಂಗ ಹೆಚ್ಚು ಪ್ರಚಾರದಲ್ಲಿಲ್ಲ. ಇಮಾಮ್ ಮಾಲಿಕ್ ಅವರ ಹದೀಸ್ ಸಂಗ್ರಹದಲ್ಲಿ ಬರುತ್ತದೆ. ಹಾತಿಬ್ ಎಂಬವನ ಗುಲಾಮರು ಇನ್ನೊಬ್ಬನ ಒಂಟೆ ಕದ್ದು ಕೊಯ್ದು ತಿಂದರು. ಕಳ್ಳತನಕ್ಕೆ ಕೈ ಕಡಿಯುವ ಶಿಕ್ಷೆಯಿತ್ತು. ಉಮರ್ ಮೊದಲು ಅದಕ್ಕೇ ಆಜ್ಞೆ ಕೊಟ್ಟು, ತಡೆದು, ಯಜಮಾನನತ್ತ ತಿರುಗಿದರು: ಈ ಜನರನ್ನು ನೀನು ಉಪವಾಸ ಕೆಡವಿದ್ದೀಯೆ. ಒಂಟೆಯ ಬೆಲೆ ನಾನೂರು ದಿರ್ಹಮ್ ಎಂದು ತಿಳಿದಾಗ ಯಜಮಾನನಿಂದ ಎಂಟುನೂರು ಕೊಡಿಸಿದರು. 639ರ ಸುಮಾರಿಗೆ ಬಂದ ಭೀಕರ ಬರದ ವರ್ಷದಲ್ಲಂತೂ ಕಳ್ಳತನದ ಆ ಶಿಕ್ಷೆಯನ್ನೇ ಅಮಾನತಿನಲ್ಲಿಟ್ಟರು. ಹಸಿವು ನೀಗಿಸದ ಸಮಾಜಕ್ಕೆ ಕಳ್ಳನನ್ನು ಶಿಕ್ಷಿಸುವ ಹಕ್ಕಿಲ್ಲ ಎಂಬ ತರ್ಕ ಇದರಲ್ಲಿದೆ. ಶರೀಅತ್ ಎಂದರೆ ಮೊದಲು ಶಿಕ್ಷೆ ಎಂದು ಸಾರುವ ಇಂದಿನ ಕೆಲವು ಆಡಳಿತಗಳು ಈ ಎರಡು ಪ್ರಸಂಗಗಳಿಗೆ ಉತ್ತರ ಕೊಡಬೇಕಾಗುತ್ತದೆ.

ಮುಸ್ಲಿಮೇತರರ ಬಗೆಗೂ ಒಂದು ಪ್ರಸಂಗವಿದೆ. ಖಲೀಫ ಹಾರೂನ್ ರಶೀದ್‌ನ ನ್ಯಾಯಾಧೀಶನಾಗಿದ್ದ ಅಬೂ ಯೂಸುಫ್ ಭೂಕಂದಾಯದ ಮೇಲೆ ಬರೆದ ಗ್ರಂಥದಲ್ಲಿ, ಭಿಕ್ಷೆ ಬೇಡುತ್ತಿದ್ದ ಕುರುಡ ಯಹೂದಿ ಮುದುಕನನ್ನು ಉಮರ್ ಕೈ ಹಿಡಿದು ಕರೆತಂದ ಪ್ರಸಂಗ ಹೇಳುತ್ತಾನೆ. ಹರೆಯದಲ್ಲಿ ಮುಸ್ಲಿಮೇತರರ ತಲೆಗಂದಾಯ ತೆಗೆದುಕೊಂಡು ಮುಪ್ಪಿನಲ್ಲಿ ಕೈಬಿಡುವುದು ನ್ಯಾಯವಲ್ಲವೆಂದು ಅವನ ಕಂದಾಯ ಮಾಫಿ ಮಾಡಿ ಖಜಾನೆಯಿಂದ ಜೀವನಾಂಶ ಕೊಡಿಸಿದರು.

ಕ್ರಮೇಣ ಖಿಲಾಫತ್ತು ವಂಶದ ಆಸ್ತಿಯಾಯಿತು. ಅರಮನೆಗಳು ಎದ್ದವು, ಸಹೋದರರ ನಡುವೆ ಕತ್ತಿ ಆಡಿತು. ಆದರ್ಶ ಸಮಾಜದ ಚಿಂತನೆ ಆಗ ಎರಡು ದಾರಿ ಹಿಡಿಯಿತು. ಒಂದು ತತ್ವಜ್ಞಾನಿಗಳದು. ಹತ್ತನೇ ಶತಮಾನದ ಅಲ್ ಫಾರಾಬಿ ಬಾಗ್ದಾದಿನಲ್ಲಿ ಶುರು ಮಾಡಿ ಡಮಾಸ್ಕಸ್‌ನಲ್ಲಿ ಮುಗಿಸಿದ ಸದ್ಗುಣಿ ನಗರದ ಗ್ರಂಥದಲ್ಲಿ, ಮನುಷ್ಯರು ಒಬ್ಬರಿಗೊಬ್ಬರು ಒದಗಿದರೆ ಮಾತ್ರ ನಿಜವಾದ ಸುಖ ಎಂದು ವಾದಿಸಿದ. ನಗರ ಆರೋಗ್ಯವಂತ ದೇಹದ ಹಾಗೆ, ಆಳುವವನು ಹೃದಯದ ಜಾಗದಲ್ಲಿ. ಆ ಆಳುವವನಿಗೆ ಹನ್ನೆರಡು ಗುಣ ಬೇಕು ಎಂದು ಪಟ್ಟಿ ಮಾಡಿದ ಫಾರಾಬಿಗೆ ಅಂಥವನು ಸಿಗುವುದು ಕಷ್ಟ ಎಂಬುದೂ ಗೊತ್ತಿತ್ತು. ಬೇಕಾದ ಅರ್ಹತೆಗಳು ಒಬ್ಬನಲ್ಲಿ ಇಲ್ಲದೆ ಇಬ್ಬರಲ್ಲೋ ಹಲವರಲ್ಲೋ ಹಂಚಿಹೋಗಿದ್ದರೆ ಅವರೆಲ್ಲ ಸೇರಿ ಆಳಲಿ ಎಂದ. ಬರೇ ಹಣಕ್ಕಾಗಿ, ಬರೇ ಭೋಗಕ್ಕಾಗಿ, ಬರೇ ಗೆಲುವಿಗಾಗಿ ಬದುಕುವ ಊರುಗಳನ್ನು ಅವನು ಅಜ್ಞಾನದ ನಗರಗಳ ಸಾಲಿಗೆ ಸೇರಿಸಿದ. ನಾಲ್ಕು ಶತಮಾನಗಳ ಮೇಲೆ ಬಂದ ಇಬ್ನ್ ಖಲ್ದೂನ್‌ಗೆ ಕನಸಿಗಿಂತ ಕಾರಣ ಹುಡುಕುವ ಹಟ. 1377ರಲ್ಲಿ ಬರೆದ ತನ್ನ ಪೀಠಿಕಾ ಗ್ರಂಥದಲ್ಲಿ ಅವನು ಕಂಡುಕೊಂಡದ್ದು ಇದು: ರಾಜ್ಯ ಎಳೆಯದಿದ್ದಾಗ ತೆರಿಗೆ ಕಡಿಮೆ, ವರಮಾನ ಹೆಚ್ಚು; ಮುಪ್ಪಾದಾಗ ತೆರಿಗೆ ಹೆಚ್ಚು, ವರಮಾನ ಕಡಿಮೆ. ಆಳುವವನು ಜನರ ಆಸ್ತಿಗೆ ಕೈ ಹಾಕಿದರೆ ಜನ ದುಡಿಯುವ ಉಮೇದನ್ನೇ ಕಳೆದುಕೊಳ್ಳುತ್ತಾರೆ, ನಾಗರಿಕತೆ ಹಾಳಾಗುತ್ತದೆ.

ಇನ್ನೊಂದು ದಾರಿ ಸಾಮಾನ್ಯರದು, ವಕ್ಫ್‌ನದು. ಅದರ ಬೇರು ಮದೀನದಲ್ಲೇ ಇದೆ. ರೂಮ ಎಂಬ ಬಾವಿಯ ನೀರು ಕಾಸಿಗೆ ಮಾರಾಟವಾಗುತ್ತಿದ್ದಾಗ ಪ್ರವಾದಿಯವರ ಸಂಗಾತಿ ಉಸ್ಮಾನ್ ಅದನ್ನು ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟರು. ಖೈಬರ್‌ನಲ್ಲಿ ತಮಗೆ ಬಂದ ಒಳ್ಳೆಯ ಜಮೀನನ್ನು ಏನು ಮಾಡಲೆಂದು ಉಮರ್ ಕೇಳಿದಾಗ, ಮೂಲವನ್ನು ಹಾಗೇ ಇಟ್ಟು ಫಲವನ್ನು ದಾನ ಮಾಡುವಂತೆ ಪ್ರವಾದಿಯವರು ಸೂಚಿಸಿದರು. ಮಾರುವಂತಿಲ್ಲ, ಕೊಡುಗೆ ಕೊಡುವಂತಿಲ್ಲ, ಉತ್ತರಾಧಿಕಾರದಲ್ಲಿ ಹಂಚುವಂತಿಲ್ಲ. ಈ ಮೂರು ನಿಷೇಧಗಳ ಮೇಲೆ ಮುಂದೆ ಊರೂರುಗಳೇ ಎದ್ದವು. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಲು ತೊಡಗಿದ ಆಸ್ಪತ್ರೆಯಲ್ಲಿ ಗಂಡಸು ಹೆಂಗಸು, ಬಡವ ಬಲ್ಲಿದ ಎನ್ನದೆ ಎಲ್ಲರಿಗೂ ಚಿಕಿತ್ಸೆಯಿತ್ತು. ಕಾಯಿಲೆಗೆ ತಕ್ಕಂತೆ ವಾರ್ಡುಗಳಿದ್ದವು. ಖರ್ಚು ನಡೆಯುತ್ತಿದ್ದದ್ದು ದತ್ತಿಯ ಅಂಗಡಿ, ಸ್ನಾನಗೃಹ, ಜಮೀನುಗಳ ಬಾಡಿಗೆಯಿಂದ.

ಜೆರುಸಲೇಮಿನ ಅನ್ನಶಾಲೆಯ ಲೆಕ್ಕಪತ್ರ ಓದುವುದಂತೂ ಒಂದು ಖುಷಿ. ಒಟ್ಟೋಮನ್ ಸುಲ್ತಾನ್ ಸುಲೈಮಾನನ ಪತ್ನಿ ಹುರ್‍ರೆಮ್ 1552ರ ಹೊತ್ತಿಗೆ ಅದನ್ನು ಸ್ಥಾಪಿಸಿದಳು. ಪ್ಯಾಲೆಸ್ತೀನಿನ ಹತ್ತಾರು ಹಳ್ಳಿಗಳ ಉತ್ಪನ್ನ ಅದಕ್ಕೆ ಮೀಸಲು. ದಿನಕ್ಕೆ ಎರಡು ಹೊತ್ತು, ನೂರಾರು ಬಡವರಿಗೆ ಊಟ. ಬೆಳಿಗ್ಗೆ ಅಕ್ಕಿಯ ಗಂಜಿ, ಸಂಜೆ ಗೋಧಿ ನುಚ್ಚಿನದು, ಜೊತೆಗೆ ರೊಟ್ಟಿ. ಶುಕ್ರವಾರದ ಸಂಜೆ ಮಾಂಸದನ್ನ, ಜೇನು ಮತ್ತು ಕೇಸರಿ ಹಾಕಿದ ಸಿಹಿಯನ್ನ. ಯಾವುದಕ್ಕೆ ಎಷ್ಟು ಅಕ್ಕಿ, ಎಷ್ಟು ಉಪ್ಪು, ಎಷ್ಟು ಸೌದೆ ಎಂಬುದೂ ದಾನಪತ್ರದಲ್ಲೇ ಬರೆದಿತ್ತು. ನಮ್ಮ ಮಠಗಳ ದಾಸೋಹ ಕಂಡವರಿಗೆ ಇದು ಅಪರಿಚಿತ ಲೋಕವಲ್ಲ. ದಾನಿಗಳಲ್ಲಿ ಹೆಂಗಸರು ಎಷ್ಟು ಮಂದಿ ಎಂಬುದು ಇನ್ನೂ ಗಮನಿಸತಕ್ಕದ್ದು. ಇಸ್ತಾಂಬುಲ್‌ನ 1546ರ ದಾಖಲೆಯಲ್ಲಿರುವ ವಕ್ಫ್‌ಗಳಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚಿನವನ್ನು ಮಾಡಿದವರು ಮಹಿಳೆಯರು. ಮದುವೆಯಾದ ಹೆಣ್ಣಿನ ಆಸ್ತಿ ಅವಳದೇ ಎಂಬ ನಿಯಮ ಏಳನೇ ಶತಮಾನದಿಂದ ಜಾರಿಯಲ್ಲಿದ್ದುದರ ಫಲವಿದು. ಇಂಗ್ಲೆಂಡಿನ ಕಾನೂನು ಅಷ್ಟು ದೂರ ಬರಲು 1882ರವರೆಗೆ ಕಾಯಬೇಕಾಯಿತು.

ಹಾಗೆಂದು ಹಿಂದಿನದೆಲ್ಲ ಬಂಗಾರವಲ್ಲ. ಡಮಾಸ್ಕಸ್‌ನ ಆ ಹುಡುಗನಿಗೆ ತಟ್ಟೆಯ ಬೆಲೆ ಸಿಕ್ಕಿತು, ಸ್ವಾತಂತ್ರ್ಯ ಸಿಗಲಿಲ್ಲ. ಗುಲಾಮರನ್ನು ಬಿಡುಗಡೆ ಮಾಡುವುದು ದೊಡ್ಡ ಪುಣ್ಯವೆಂದು ಧರ್ಮ ಹೇಳಿದರೂ ಗುಲಾಮಗಿರಿಯ ಪದ್ಧತಿ ನಿಲ್ಲಲು ಶತಮಾನಗಳು ಹಿಡಿದವು. ಟುನೀಸಿಯದ ಅಹ್ಮದ್ ಬೇ 1846ರಲ್ಲಿ ಅದನ್ನು ರದ್ದು ಮಾಡಿದ. ಸೌದಿ ಅರೇಬಿಯದಲ್ಲಿ ಅದು ರದ್ದಾದದ್ದು 1962ರಲ್ಲಿ. ಮುಸ್ಲಿಮೇತರರಿಗೆ ರಕ್ಷಣೆಯಿತ್ತು, ಪೂಜೆಯ ಸ್ವಾತಂತ್ರ್ಯವಿತ್ತು, ಸಮಾನತೆ ಇರಲಿಲ್ಲ. ಹೆಣ್ಣಿಗೆ ಆಸ್ತಿಯ ಹಕ್ಕಿದ್ದರೂ ಮಗಳ ಪಾಲು ಮಗನ ಅರ್ಧ. ತಲಾಖ್ ಮತ್ತು ಬಹುಪತ್ನಿತ್ವದ ವಿಷಯದಲ್ಲಿ ಗಂಡಿನ ಕೈಯೇ ಮೇಲಾಗಿತ್ತು. ಟುನೀಸಿಯ 1956ರಲ್ಲಿ ಬಹುಪತ್ನಿತ್ವವನ್ನು ನಿಷೇಧಿಸಿತು. ಮೊರಾಕ್ಕೊ 2004ರಲ್ಲಿ ಮದುವೆಯ ವಯಸ್ಸನ್ನು ಹೆಣ್ಣಿಗೂ 18ಕ್ಕೆ ಏರಿಸಿ, ಸಂಸಾರದ ಹೊಣೆಯನ್ನು ಇಬ್ಬರಿಗೂ ಸಮನಾಗಿ ಹಂಚಿತು. ಎರಡೂ ದೇಶಗಳು ಈ ಬದಲಾವಣೆಗೆ ಧಾರ್ಮಿಕ ಗ್ರಂಥಗಳ ಹೊಸ ಓದನ್ನೇ ಆಧಾರ ಮಾಡಿಕೊಂಡವು.

ವಕ್ಫ್‌ಗಳು ಸೊರಗಿದ್ದೇಕೆ? ಟರ್ಕಿ ಮೂಲದ ಅರ್ಥಶಾಸ್ತ್ರಜ್ಞ ಟಿಮುರ್ ಕುರಾನ್ ಅವರ ಉತ್ತರ ಕಟುವಾದರೂ ಕೇಳತಕ್ಕದ್ದು. ದಾನಿಯ ಪತ್ರದಲ್ಲಿ ಬರೆದದ್ದನ್ನು ಮುಂದಿನವರು ತಿದ್ದುವಂತಿರಲಿಲ್ಲ. ಕಾಲ ಬದಲಾದರೂ ಹಣ ಹಳೆಯ ಕೆಲಸಕ್ಕೇ ಹೋಗುತ್ತಿತ್ತು. ಹಲವು ದತ್ತಿಗಳು ಕೂಡಿ ದೊಡ್ಡ ಸಂಸ್ಥೆಯಾಗಿ ಬೆಳೆಯುವ ದಾರಿ ಸುಲಭವಿರಲಿಲ್ಲ. ಆಸ್ತಿಯನ್ನು ಮನೆಯವರ ಕೈಯಲ್ಲೇ ಉಳಿಸಿಕೊಳ್ಳಲು ವಕ್ಫ್‌ನ ಹೆಸರು ಹಚ್ಚಿದವರೂ ಇದ್ದರು. ಆದರೆ ಬಲವಾದ ಏಟು ಕೊಟ್ಟದ್ದು ರಾಜ್ಯ. 19ನೇ ಶತಮಾನದ ಆರಂಭದಲ್ಲಿ ಈಜಿಪ್ಟಿನ ಮುಹಮ್ಮದ್ ಅಲಿ ಪಾಷಾ ವಕ್ಫ್ ಜಮೀನುಗಳನ್ನು ವಶಮಾಡಿಕೊಂಡ. 1826ರಲ್ಲಿ ಒಟ್ಟೋಮನ್ ಸುಲ್ತಾನ ದತ್ತಿಗಳಿಗೆಂದೇ ಒಂದು ಇಲಾಖೆ ತೆರೆದು ವರಮಾನವನ್ನು ತನ್ನ ಹಿಡಿತಕ್ಕೆ ತಂದ. 1830ರಲ್ಲಿ ಆಲ್ಜೀರಿಯಕ್ಕೆ ಬಂದ ಫ್ರೆಂಚರು ಅಲ್ಲಿನ ದತ್ತಿ ಆಸ್ತಿಗಳನ್ನು ನುಂಗಿದರು.

ಊರಿನ ಆಸರೆಗಳು ಹೀಗೆ ಒಂದೊಂದಾಗಿ ಕಳಚಿದ ಮೇಲೆ 20ನೇ ಶತಮಾನದಲ್ಲಿ ಹೊಸ ಕನಸು ಹುಟ್ಟಿತು. ಈ ಸಲ ಅದು ರಾಜ್ಯದ ಕನಸು. ಔರಂಗಾಬಾದಿನಲ್ಲಿ ಹುಟ್ಟಿದ ಮೌದೂದಿ, ಈಜಿಪ್ಟಿನ ಸಯ್ಯಿದ್ ಕುತುಬ್, ಇರಾಕಿನ ಬಾಕಿರ್ ಅಸ್ಸದ್ರ್ ಮೊದಲಾದ ಚಿಂತಕರು ಬಂಡವಾಳಶಾಹಿ ಮತ್ತು ಸಮತಾವಾದ ಎರಡನ್ನೂ ಬಿಟ್ಟು ಮೂರನೆಯ ವ್ಯವಸ್ಥೆಯೊಂದರ ನೀಲನಕ್ಷೆ ಬರೆದರು. ಅವರ ಕಾಳಜಿ ಪ್ರಾಮಾಣಿಕವಾಗಿತ್ತು, ಬಡತನದ ಬಗೆಗಿನ ಸಿಟ್ಟು ನಿಜವಾದದ್ದು. ಆದರೆ ಸರ್ಕಾರ ಕೈಗೆ ಬಂದರೆ ಸಮಾಜ ತಾನಾಗಿ ಸರಿಹೋಗುತ್ತದೆ ಎಂಬ ನಂಬಿಕೆ ಪರೀಕ್ಷೆಗೆ ಬಿದ್ದಾಗ ಏನಾಯಿತೆಂಬುದಕ್ಕೆ ಪಾಕಿಸ್ತಾನದ ಝಕಾತ್ ಕಾನೂನು ಒಳ್ಳೆಯ ಉದಾಹರಣೆ. 1980ರಲ್ಲಿ ದೇಶವನ್ನು ಆಳುತ್ತಿದ್ದ ಜನರಲ್ ಝಿಯಾ ಉಲ್ ಹಕ್ ಬ್ಯಾಂಕಿನ ಉಳಿತಾಯ ಖಾತೆಗಳಿಂದ ರಮಝಾನಿನ ಮೊದಲ ದಿನ ಎರಡೂವರೆ ಶೇಕಡ ಮುರಿದುಕೊಳ್ಳುವ ಆಜ್ಞೆ ಹೊರಡಿಸಿದ. ತಮ್ಮ ಪಂಥದ ನಿಯಮ ಬೇರೆಯೆಂದು ಶಿಯಾಗಳು ಇಸ್ಲಾಮಾಬಾದಿನಲ್ಲಿ ದೊಡ್ಡ ಪ್ರತಿಭಟನೆಗಿಳಿದು ವಿನಾಯಿತಿ ಪಡೆದರು. ಉಳಿದವರಲ್ಲೂ ಅನೇಕರು ರಮಝಾನಿಗೆ ಮುಂಚೆ ಖಾತೆ ಖಾಲಿ ಮಾಡಿ, ಆಮೇಲೆ ಮತ್ತೆ ತುಂಬುವುದನ್ನು ಕಲಿತರು. ಅದೇ ಜನ ತಮಗೆ ನಂಬಿಕೆಯಿರುವ ಆಸ್ಪತ್ರೆಗೆ, ಅನಾಥಾಲಯಕ್ಕೆ ಕೈ ಬಿಚ್ಚಿ ಕೊಡುತ್ತಿದ್ದರು. ಅವರಿಗೆ ಬೇಡವಾಗಿದ್ದದ್ದು ಝಕಾತ್ ಅಲ್ಲ, ಲೆಕ್ಕ ಕೊಡದ ಸರ್ಕಾರ.

ಇಂಡೋನೇಷ್ಯದಲ್ಲಿ ಬೇರೆಯದೇ ಕಥೆ. ಯೋಗ್ಯಕಾರ್ತ ನಗರದ ಕಿಯಾಯಿ ಅಹ್ಮದ್ ದಹ್ಲಾನ್ ತಮ್ಮ ಶಿಷ್ಯರಿಗೆ ಕುರ್‌ಆನಿನ 107ನೇ ಅಧ್ಯಾಯವನ್ನೇ ದಿನವೂ ಪಾಠ ಮಾಡುತ್ತಿದ್ದರು. ಅನಾಥನನ್ನು ದೂಡುವವನ, ಬಡವನಿಗೆ ಅನ್ನ ಕೊಡಲು ಉತ್ತೇಜಿಸದವನ ಪ್ರಾರ್ಥನೆಯನ್ನು ಖಂಡಿಸುವ ಚಿಕ್ಕ ಅಧ್ಯಾಯವದು. ಬಾಯಿಪಾಠ ಬಂದಾಯಿತಲ್ಲ, ಮುಂದಿನದಕ್ಕೆ ಯಾವಾಗ ಹೋಗುವುದು ಎಂದು ಶಿಷ್ಯರು ಬೇಸತ್ತು ಕೇಳಿದರು. ಹಾಗೆ ನಡೆದುಕೊಂಡಿದ್ದೀರಾ ಎಂದು ದಹ್ಲಾನ್ ಮರುಪ್ರಶ್ನೆ ಹಾಕಿ, ಬೀದಿಯಲ್ಲಿರುವ ಅನಾಥರನ್ನು ಮನೆಗೆ ಕರೆತನ್ನಿ, ಮೀಯಿಸಿ, ಉಣ್ಣಿಸಿ, ಆಮೇಲೆ ಪಾಠಕ್ಕೆ ಬನ್ನಿ ಎಂದು ಕಳಿಸಿದರು. 1912ರಲ್ಲಿ ಅವರು ಕಟ್ಟಿದ ಮುಹಮ್ಮದಿಯ ಸಂಘಟನೆ 1923ರಲ್ಲಿ ಯೋಗ್ಯಕಾರ್ತದಲ್ಲಿ ಚಿಕಿತ್ಸಾಲಯ ತೆರೆಯಿತು. ಇಂದು ಅದರ ಆಸ್ಪತ್ರೆಗಳು ನೂರಕ್ಕೂ ಹೆಚ್ಚು, ಉನ್ನತ ಶಿಕ್ಷಣ ಸಂಸ್ಥೆಗಳು ನೂರೈವತ್ತಕ್ಕೂ ಹೆಚ್ಚು. ಕ್ರೈಸ್ತರೇ ಹೆಚ್ಚಿರುವ ಕುಪಾಂಗ್ ನಗರದಲ್ಲಿ ಅದು ನಡೆಸುವ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ಕ್ರೈಸ್ತರದೇ ಬಹುಸಂಖ್ಯೆ. ಅಲ್ಲಿನ ಇನ್ನೊಂದು ದೊಡ್ಡ ಸಂಘಟನೆ ನಹ್ದತುಲ್ ಉಲಮಾ 2019ರಲ್ಲಿ, ನಾಡಿನ ಮುಸ್ಲಿಮೇತರರನ್ನು ಕಾಫಿರರೆಂದು ಕರೆಯಬಾರದು, ಅವರು ಸಮಾನ ಪ್ರಜೆಗಳು ಎಂದು ತನ್ನ ವಿದ್ವಾಂಸರ ಸಭೆಯಲ್ಲಿ ನಿರ್ಣಯಿಸಿತು. ಗದ್ದುಗೆಗೆ ಕಾಯದೆ ಕಟ್ಟಿದ ಸಮಾಜವಿದು.

ಕನ್ನಡ ನಾಡಿಗೆ ಇದು ದೂರದ ಮಾತಲ್ಲ. ಡಮಾಸ್ಕಸ್ ಕಂಡ ಅದೇ ಇಬ್ನ್ ಬತೂತ 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದಿದ್ದ. ಆ ಪುಟ್ಟ ಬಂದರಿನಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳನ್ನು ಕಂಡು, ಇಂಥದ್ದನ್ನು ಬೇರೆಲ್ಲೂ ನೋಡಲಿಲ್ಲ ಎಂದು ಬರೆದ. ಅರ್ಧ ಲೋಕ ಸುತ್ತಿದವನ ಮಾತಿದು. 1472ರಲ್ಲಿ ಬೀದರಿನಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮೂರು ಅಂತಸ್ತಿನ ಮದ್ರಸದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವು. ತೀರ ಸರಳವಾಗಿ ಬದುಕಿದ ಗವಾನನನ್ನು 1481ರಲ್ಲಿ ಸುಳ್ಳು ಪತ್ರವೊಂದನ್ನು ನಂಬಿ ಸುಲ್ತಾನ ಕೊಲ್ಲಿಸಿದ. ಆಳಿದವನು ಯಾರೆಂದು ಇಂದು ಇತಿಹಾಸದ ವಿದ್ಯಾರ್ಥಿಗಳಿಗಷ್ಟೇ ಗೊತ್ತು. ಮದ್ರಸ ಮಾತ್ರ ಊರಿನ ಗುರುತಾಗಿ ನಿಂತಿದೆ. ಭಟ್ಕಳದ ಅಂಜುಮನ್ ಶಿಕ್ಷಣ ಸಂಸ್ಥೆ 1919ರಲ್ಲಿ ಹುಟ್ಟಿತು. ಬೆಂಗಳೂರಿನಲ್ಲಿ 1966ರಲ್ಲಿ ವೈದ್ಯ ಮುಮ್ತಾಝ್ ಅಹ್ಮದ್ ಖಾನ್ ಅಲ್ ಅಮೀನ್ ಸಂಸ್ಥೆ ಕಟ್ಟಿದರು. ಎರಡೂ ಶಾಲೆಯಿಂದ ಕಾಲೇಜಿಗೆ ಬೆಳೆದದ್ದು ಜನರ ದೇಣಿಗೆಯ ಬಲದಿಂದ.

ಅದೇ ಬೆಂಗಳೂರಿನಲ್ಲಿ 2019ರಲ್ಲಿ ಐಎಂಎ ಎಂಬ ಕಂಪನಿ ಕುಸಿಯಿತು. ಬಡ್ಡಿಯಿಲ್ಲದ ಹಲಾಲ್ ಲಾಭ ಎಂದು ನಂಬಿಸಿದ್ದ ಅದರಲ್ಲಿ ಸಾವಿರಾರು ಕುಟುಂಬಗಳು ಮಗಳ ಮದುವೆಗೆಂದು, ಮುಪ್ಪಿಗೆಂದು ಕೂಡಿಟ್ಟ ಹಣ ಕಳೆದುಕೊಂಡವು. ಬಡ್ಡಿ ಬೇಡವೆಂಬ ತತ್ವ ಇಲ್ಲಿ ಸೋತದ್ದಲ್ಲ. 1963ರಲ್ಲಿ ಈಜಿಪ್ಟಿನ ಮಿತ್ ಗಮ್ರ್ ಎಂಬ ಸಣ್ಣ ಪಟ್ಟಣದಲ್ಲಿ ಅಹ್ಮದ್ ಅನ್ನಜ್ಜಾರ್ ಬಡ್ಡಿಯಿಲ್ಲದ ಉಳಿತಾಯ ಬ್ಯಾಂಕು ತೆರೆದಾಗ ರೈತರು ಚಿಲ್ಲರೆ ಕಾಸು ತಂದು ಕಟ್ಟಿದರು, ಸಾಲ ಪಡೆದರು, ತೀರಿಸಿದರು. ಅಲ್ಲಿ ಹಣ ಎಲ್ಲಿಗೆ ಹೋಯಿತೆಂದು ಊರಿಗೆ ಗೊತ್ತಿತ್ತು. ಬೆಂಗಳೂರಿನ ಕಂಪನಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ದೇವರ ಹೆಸರು ಕೇಳಿಸಿಕೊಂಡವರು ಲೆಕ್ಕ ಕೇಳಲಿಲ್ಲ. ನೆನೆದ ಧಾನ್ಯವನ್ನು ಮೇಲೆ ಇಡಿ ಎಂದ ಪ್ರವಾದಿಯ ಸಂತೆಯಲ್ಲಿ ಈ ವ್ಯಾಪಾರಕ್ಕೆ ಒಂದು ದಿನವೂ ಜಾಗ ಸಿಗುತ್ತಿರಲಿಲ್ಲ.

ವಕ್ಫ್‌ನ ಪ್ರಶ್ನೆಯೂ ಲೆಕ್ಕದ ಪ್ರಶ್ನೆಯೇ. ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ 2006ರಲ್ಲಿ ಕೊಟ್ಟ ವರದಿಯ ಪ್ರಕಾರ ಭಾರತದಲ್ಲಿ 4.9 ಲಕ್ಷಕ್ಕೂ ಹೆಚ್ಚು ನೋಂದಾಯಿತ ವಕ್ಫ್ ಆಸ್ತಿಗಳಿದ್ದವು, ವಿಸ್ತೀರ್ಣ ಸುಮಾರು ಆರು ಲಕ್ಷ ಎಕರೆ. ಅವುಗಳಿಂದ ಬರುತ್ತಿದ್ದ ವಾರ್ಷಿಕ ವರಮಾನ ಕೇವಲ 163 ಕೋಟಿ ರೂಪಾಯಿ. ಮಾರುಕಟ್ಟೆ ಬೆಲೆಯ ಮೇಲೆ ನೂರಕ್ಕೆ ಹತ್ತರಷ್ಟು ಆದಾಯ ಬಂದರೂ ವರ್ಷಕ್ಕೆ 12,000 ಕೋಟಿ ಬರಬಹುದು ಎಂದು ಸಮಿತಿ ಲೆಕ್ಕ ಹಾಕಿತು. ಆ ನಡುವಿನ ಹಣದಲ್ಲಿ ಎಷ್ಟೋ ಹಾಸ್ಟೆಲುಗಳಿವೆ, ಹೆರಿಗೆ ಆಸ್ಪತ್ರೆಗಳಿವೆ, ಓದು ಬಿಟ್ಟ ಹುಡುಗಿಯರ ಶುಲ್ಕವಿದೆ. ಅದು ಹೋದದ್ದು ಒತ್ತುವರಿಗೆ, ಅತಿ ಅಗ್ಗದ ಗುತ್ತಿಗೆಗೆ, ಜಡ ಆಡಳಿತಕ್ಕೆ. ಕರ್ನಾಟಕದಲ್ಲೂ 2012ರಲ್ಲಿ ರಾಜ್ಯ ಅಲ್ಪಸಂಖ್ಯಾತರ ಆಯೋಗದ ವರದಿ ಸಾವಿರಾರು ಎಕರೆ ವಕ್ಫ್ ಭೂಮಿ ಕೈತಪ್ಪಿದೆ ಎಂದು ಆರೋಪಿಸಿತ್ತು. ಇತ್ತೀಚಿನ ವರ್ಷಗಳಲ್ಲಿ ಚರ್ಚೆಯೆಲ್ಲ ಯಾರ ಹಿಡಿತ, ಯಾವ ಮಂಡಳಿ, ಯಾವ ತಿದ್ದುಪಡಿ ಎಂಬುದರ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಮಸೀದಿಯ ಸೂಚನಾ ಫಲಕದ ಮೇಲೆ ಆ ವರ್ಷದ ಜಮೆ ಖರ್ಚು ಅಂಟಿಸುವುದಕ್ಕೆ, ಜಮಾಅತಿನ ಬಡ ಮನೆಗಳ ಪಟ್ಟಿ ಮಾಡಿ ಝಕಾತನ್ನು ಒಟ್ಟಾಗಿ ಹಂಚುವುದಕ್ಕೆ, ಗುತ್ತಿಗೆಯ ಬಾಡಿಗೆ ಇಂದಿನ ದರಕ್ಕೆ ಏರಿಸುವುದಕ್ಕೆ ಯಾವ ಹೊಸ ಕಾನೂನೂ ಬೇಕಿಲ್ಲ. ಇವನ್ನೆಲ್ಲ ಮುಂದಿನ ರಮಝಾನಿನೊಳಗೆ ಆರಂಭಿಸಬಹುದು.